ಸ್ಟರ್ನ್‌ಡ್ರೈವ್ ಬೋಟಿನ ಕೂಲಿಂಗ್ ನೀರು: ಮೊದಲು ಪ್ರೆಶರ್ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

"ಎಂಜಿನ್ ಬಿಸಿಯಾಗ್ತಿದೆ, ಏನು ಮಾಡ್ಲಿ?" ಅಂತ ಸ್ಟರ್ನ್‌ಡ್ರೈವ್ ಬೋಟಿನವರು (ಎಂಜಿನ್ ಒಳಗೆ, ಪ್ರೊಪೆಲ್ಲರ್ ತಿರುಗಿಸುವ ಡ್ರೈವ್ ಹಿಂಬದಿಯ ಹೊರಗೆ ಇರುವ ಬೋಟು) ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಎಂಜಿನ್ ತಣಿಸಲು ಹೊರಗಿನಿಂದ ಎಳೆಯುವ ನೀರಿನ ಪ್ರೆಶರ್ ಎಷ್ಟಿದೆ? ಐಡಲ್‌ನಲ್ಲಿ ಎಷ್ಟು, ಅರ್ಧ ಥ್ರಾಟಲ್‌ಗೆ ಎಷ್ಟು, ಪೂರ್ತಿ ತಳ್ಳಿದಾಗ ಎಷ್ಟು? ಹೆಚ್ಚಿನವರು ಇಲ್ಲಿಗೆ ಸುಮ್ಮನಾಗುತ್ತಾರೆ. ಡ್ಯಾಶ್‌ನಲ್ಲಿ ಟೆಂಪರೇಚರ್ ಗೇಜ್ ಇರುತ್ತದೆ, ನೀರಿನ ಪ್ರೆಶರ್ ಗೇಜ್ ಇರುವುದಿಲ್ಲ. ಅಷ್ಟು ಹೊತ್ತಿಗೆ ಹೊಸ ಥರ್ಮೋಸ್ಟ್ಯಾಟ್ (ಕಾವು ನೋಡಿ ನೀರಿನ ದಾರಿ ತೆರೆಯುವ ವಾಲ್ವ್), ಹೊಸ ಇಂಪೆಲ್ಲರ್ (ಪಂಪ್ ಒಳಗೆ ತಿರುಗುವ ರಬ್ಬರ್ ರೆಕ್ಕೆಚಕ್ರ) ಎಲ್ಲ ಹಾಕಿಸಿ ದುಡ್ಡು ಖರ್ಚಾಗಿರುತ್ತದೆ.

ಟೆಂಪರೇಚರ್ ಗೇಜ್ ಸುದ್ದಿ ತರುವುದು ತಡವಾಗಿ. ನೀರು ನಿಂತ ಮೇಲೆ ಲೋಹ ಕಾಯಬೇಕು, ಆ ಕಾವು ಸೆಂಡರ್‌ಗೆ (ಗೇಜ್‌ಗೆ ಅಳತೆ ಕಳಿಸುವ ಸೆನ್ಸರ್) ಮುಟ್ಟಬೇಕು, ಆಮೇಲೆ ಮುಳ್ಳು ಏರಬೇಕು. ಇನ್ನೂ ಒಂದು ತೊಂದರೆ ಇದೆ. ಸೆಂಡರ್‌ನ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದರ ಲೆಕ್ಕ ಸರಿ. ಬ್ಲಾಕ್‌ನಲ್ಲಿ (ಎಂಜಿನ್‌ನ ಮುಖ್ಯ ಲೋಹದ ಒಡಲು) ನೀರೇ ಇಲ್ಲದಿದ್ದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಆರಾಮವಾಗಿ ಕೂತಿರಬಹುದು. ಪ್ರೆಶರ್ ಗೇಜ್ ಹಾಗಲ್ಲ. ಪಿಕಪ್‌ಗೆ, ಅಂದರೆ ಹೊರಗಿನ ನೀರು ಒಳಗೆ ಬರುವ ಬಾಯಿಗೆ, ಒಂದು ಪ್ಲಾಸ್ಟಿಕ್ ಚೀಲ ಅಂಟಿಕೊಂಡ ತಕ್ಷಣ ಬಿದ್ದುಬಿಡುತ್ತದೆ. ಹಾಗಾಗಿ ಬೇರೆ ಏನನ್ನೂ ಮುಟ್ಟುವ ಮೊದಲು ಗೇಜ್ ಹಾಕಿ.

ಎಲ್ಲಿ ಹಾಕಬೇಕು? ನೀರು ಬ್ಲಾಕ್‌ಗೆ ಹೋಗುವ ಜಾಗದಲ್ಲಿ, ಅಥವಾ ಬ್ಲಾಕ್‌ನಲ್ಲೇ ಇರುವ ಡ್ರೇನ್ ತೂತಿನಲ್ಲಿ ಒಂದು ಟೀ (T ಆಕಾರದ ಕವಲು ಫಿಟ್ಟಿಂಗ್) ಹಾಕಿ. ಫಿಟ್ಟಿಂಗ್ ಹಿತ್ತಾಳೆಯದಿರಲಿ. ಸಣ್ಣ ನೈಲಾನ್ ನಳಿಕೆ ಎಳೆದು ಡ್ಯಾಶ್‌ವರೆಗೆ ನೀರನ್ನೇ ತರುವ ಗೇಜ್‌ಗಳೂ ಸಿಗುತ್ತವೆ. ನನಗೆ ಅವು ಇಷ್ಟವಿಲ್ಲ. ಆ ನಳಿಕೆ ಒಡೆದರೆ ವೈರಿಂಗ್ ಮೇಲೆ ನೀರು. ಎಲೆಕ್ಟ್ರಿಕ್ ಸೆಂಡರ್ ಹಾಕಿ. ಗೇಜ್ 0ಯಿಂದ 30 ಅಥವಾ 0ಯಿಂದ 60 ಪಿಎಸ್‌ಐ (ಒತ್ತಡದ ಅಳತೆ) ಇದ್ದರೆ ಸಾಕು. ಜಾಸ್ತಿ ದೊಡ್ಡದು ಹಾಕಿದರೆ ಐಡಲ್‌ನಲ್ಲಿ ಮುಳ್ಳು ಅಲ್ಲಾಡುವುದೇ ಗೊತ್ತಾಗುವುದಿಲ್ಲ.

ನಿಮ್ಮ ಬೋಟಿನ ಪಂಪ್ ಎಲ್ಲಿದೆ?

ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ. ಮರ್ಕ್ರೂಸರ್ ಬ್ರ್ಯಾಂಡ್‌ನ ಆಲ್ಫಾ ಡ್ರೈವ್‌ನಲ್ಲಿ ಹೊರಗಿನ ನೀರು ಎತ್ತುವ ಪಂಪ್ ಡ್ರೈವ್ ಒಳಗೇ ಇದೆ, ಉದ್ದದ ಶಾಫ್ಟ್ ಅದನ್ನು ತಿರುಗಿಸುತ್ತದೆ. ಅದೇ ಬ್ರ್ಯಾಂಡ್‌ನ ಬ್ರಾವೋ ಡ್ರೈವ್‌ನಲ್ಲಿ ಪಂಪ್ ಎಂಜಿನ್ ಮುಂದುಗಡೆ ಇದೆ. ಡ್ರೈವ್ ಬರೀ ದಾರಿ ಮಾತ್ರ. ಕೆಳಗಿನ ಕೇಸ್‌ನ ಪಿಕಪ್‌ನಿಂದ ಒಳಗೆ ಬಂದ ನೀರು ಮೇಲೆ ಏರಿ, ಬೆಲ್ ಹೌಸಿಂಗ್ (ಡ್ರೈವ್ ಬೋಟಿಗೆ ಸೇರುವ ಭಾಗ) ದಾಟಿ, ಟ್ರಾನ್ಸಮ್ (ಬೋಟಿನ ಹಿಂಬದಿಯ ಗೋಡೆ) ಒಳಗಿನ ಹೋಸ್ ಮೂಲಕ ಪಂಪ್‌ಗೆ ಬರುತ್ತದೆ. ವೇಗದ ಬೋಟುಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೇ ಥರದ್ದು. ಕೆಳಗೆ ಬರೆದಿರುವುದೂ ಅದನ್ನೇ ಮನಸ್ಸಲ್ಲಿಟ್ಟುಕೊಂಡು.

ಇಲ್ಲಿ ನೆನಪಿಡಬೇಕಾದದ್ದು ಇಷ್ಟು: ಪಿಕಪ್‌ನಿಂದ ಪಂಪ್‌ವರೆಗೆ ಎಳೆಯುವ ಭಾಗ, ಪಂಪ್‌ನಿಂದ ಮುಂದೆ ತಳ್ಳುವ ಭಾಗ. ಎಳೆಯುವ ಕಡೆ ಸಣ್ಣ ತೂತಿದ್ದರೆ ಸಾಮಾನ್ಯವಾಗಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಬಿಲ್ಜ್ (ಬೋಟಿನ ಒಳತಳ) ಒಣಗಿರುತ್ತದೆ, ಆದರೆ ಎಂಜಿನ್ ಬಿಸಿಯಾಗುತ್ತದೆ.

ಪಿಕಪ್ ನೀರಲ್ಲಿ ಇದೆಯಾ?

ಮಾಮೂಲಿ ಡ್ರೈವ್‌ನ ಪಿಕಪ್ ಎಂದರೆ ಕೆಳಗಿನ ಕೇಸ್‌ನ ಎರಡೂ ಪಕ್ಕದಲ್ಲಿರುವ ಸೀಳುಗಳು. ಬೋಟು ತಗ್ಗಿನಲ್ಲಿ, ಡ್ರೈವ್ ಆಳದಲ್ಲಿ ಇರುವವರೆಗೆ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ವೇಗ ಬೇಕು ಅಂತ ಡ್ರೈವನ್ನು ಟ್ರಾನ್ಸಮ್ ಮೇಲೆ ಎತ್ತರಕ್ಕೆ ಕೂರಿಸಿದಾಗ, ಅಥವಾ ಟ್ರಿಮ್ (ಡ್ರೈವ್ ಅನ್ನು ಮೇಲಕ್ಕೆ ಓರೆ ಮಾಡುವುದು) ಜಾಸ್ತಿ ಕೊಟ್ಟಾಗ, ಆ ಸೀಳುಗಳು ನೀರಿನ ಮೇಲ್ಮೈ ಹತ್ತಿರ ಬಂದುಬಿಡುತ್ತವೆ. ಆಗ ಒಳಗೆ ಹೋಗುವುದು ಅರ್ಧ ನೀರು, ಅರ್ಧ ನೊರೆ. ಅದಕ್ಕೇ ಬ್ರಾವೋ ಸ್ಪೋರ್ಟ್‌ಮಾಸ್ಟರ್‌ನಂಥ ಕೆಳಕೇಸ್‌ಗಳಲ್ಲಿ ಪಿಕಪ್ ತೂತುಗಳು ಮೂಗಿನ ತುದಿಯಲ್ಲಿ, ತಗ್ಗಿನಲ್ಲಿ ಇರುತ್ತವೆ.

ಪರೀಕ್ಷೆ ಸುಲಭ. ಯಾವ ವೇಗದಲ್ಲಿ ಪ್ರೆಶರ್ ಬೀಳುತ್ತದೋ ಅದೇ ವೇಗದಲ್ಲಿ ಟ್ರಿಮ್ ಸ್ವಲ್ಪ ಸ್ವಲ್ಪವೇ ಕೆಳಗಿಳಿಸಿ. ಮುಳ್ಳು ಮೇಲಕ್ಕೆ ಬಂತಾ? ಹಾಗಾದರೆ ಪಂಪ್ ಬಿಚ್ಚಬೇಡಿ, ತೊಂದರೆ ಪಿಕಪ್‌ನ ಎತ್ತರದಲ್ಲಿದೆ. ಟ್ರಿಮ್ ಇಳಿಸಿದರೂ ಮುಳ್ಳು ಅಲ್ಲೇ ಇದ್ದರೆ ಅಡ್ಡಿ ಒಳಗೆಲ್ಲೋ ಇದೆ. ಪಿಕಪ್ ತೂತುಗಳಲ್ಲಿ ಬಣ್ಣ ತುಂಬಿರುವುದನ್ನೂ ನೋಡಿದ್ದೇನೆ. ಯಾರೋ ಶ್ರದ್ಧೆಯಿಂದ ಎರಡೆರಡು ಕೋಟ್ ಹೊಡೆದಿರುತ್ತಾರೆ. ಉಪ್ಪುನೀರಿನಲ್ಲೇ ನಿಲ್ಲುವ ಬೋಟಾದರೆ ಚಿಪ್ಪುಹುಳ ಸೀಳಿನ ಒಳಗಡೆ ಬೆಳೆದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟಾರ್ಚ್ ಬಿಟ್ಟು ನೋಡಿ, ಗಟ್ಟಿ ತಂತಿ ಹಾಕಿ ಕೆದಕಿ.

ಡ್ರೈವ್ ಪಿಕಪ್ ಬೇಡ ಅಂತ ಟ್ರಾನ್ಸಮ್ ಕೆಳಗೆ ಅಥವಾ ತಳದಲ್ಲಿ ಬೇರೆ ಪಿಕಪ್ ಹಾಕುವವರಿದ್ದಾರೆ. ದೊಡ್ಡ ಎಂಜಿನ್‌ಗೆ ಅದು ಒಳ್ಳೆಯದೇ. ಆದರೆ ಡ್ರೈವ್ ಮೂಲಕ ಹೋಗುತ್ತಿದ್ದ ನೀರು ದಾರಿಯಲ್ಲಿ ಗೇರ್ ಆಯಿಲ್‌ನ ಕಾವನ್ನೂ ಒಂದಿಷ್ಟು ತೆಗೆಯುತ್ತಿತ್ತು. ಅದು ನಿಂತುಹೋದರೆ ಮೇಲಿನ ಗೇರ್ ಕೇಸ್ ಕಾಯುತ್ತದೆ. ಆಗ ಡ್ರೈವ್ ಶವರ್ ಹಾಕಿಸಿ. ಗೇರ್ ಕೇಸ್ ಮೇಲೆ ನೀರು ಚಿಮ್ಮಿಸುವ ಕೊಳವೆ ಅಷ್ಟೇ ಅದು, ಆದರೆ ಗೇರ್ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುವುದನ್ನು ತಪ್ಪಿಸುತ್ತದೆ.

ಎಳೆಯುವ ಕಡೆಯ ಕಳ್ಳರು

ನನ್ನ ಅನುಭವದಲ್ಲಿ ಜನರ ತಲೆ ಜಾಸ್ತಿ ತಿನ್ನುವುದು ಇದೇ ಭಾಗ. ಒಂದು ಬೋಟಿಗೆ ಪಂಪ್ ಹೊಸದು, ಇಂಪೆಲ್ಲರ್ ಹೊಸದು, ಥರ್ಮೋಸ್ಟ್ಯಾಟ್ ಹೊಸದು. ಆದರೂ 3,500 ಆರ್‌ಪಿಎಂ ದಾಟಿದ ಕೂಡಲೇ ಪ್ರೆಶರ್ ಬೀಳುತ್ತಿತ್ತು. ಹೋಸ್ ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಬಿಚ್ಚಿ ಒಳಗೆ ಬೆರಳು ಹಾಕಿದರೆ ಒಳಪದರ ಗೋಡೆಯಿಂದ ಬಿಟ್ಟುಕೊಂಡು ನಾಲಿಗೆಯ ಹಾಗೆ ನೇತಾಡುತ್ತಿತ್ತು. ನಿಧಾನಕ್ಕೆ ಎಳೆದಾಗ ಅದು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಪಂಪ್ ಜೋರಾಗಿ ಎಳೆದ ಕೂಡಲೇ ದಾರಿಗೆ ಅಡ್ಡ ಕೂರುತ್ತದೆ. ಹಾಗಾಗಿ ಎಳೆಯುವ ಕಡೆಗೆ ಒಳಗೆ ತಂತಿಸುರುಳಿ ಇರುವ ದಪ್ಪ ಹೋಸ್ ಮಾತ್ರ ಹಾಕಿ, ಹಳೆಯದನ್ನು ಹೊರಗಿನ ಅಂದ ನೋಡಿ ನಂಬಬೇಡಿ.

ಗಾಳಿ ಸೇರುತ್ತಿದೆಯಾ ಅಂತ ನೋಡಲು ನಾನು ಮಾಡುವುದು ಹೀಗೆ. ಪಂಪ್‌ಗೆ ಬರುವ ಹೋಸನ್ನು ಪಂಪ್ ಹತ್ತಿರ ಬಿಚ್ಚಿ, ಮಧ್ಯೆ ಒಂದು ಗೇಣುದ್ದ ಪಾರದರ್ಶಕ, ತಂತಿ ಇರುವ ಹೋಸ್ ಸೇರಿಸುತ್ತೇನೆ. ಪರೀಕ್ಷೆಗೆ ಮಾತ್ರ, ಖಾಯಂ ಆಗಿ ಅಲ್ಲ. ಬೋಟು ನೀರಿನಲ್ಲಿರುವಾಗ ಎಂಜಿನ್ ಓಡಿಸಿ ನೋಡಿ. ಶುರುವಿನಲ್ಲಿ ಒಂದಷ್ಟು ಗುಳ್ಳೆ ಬಂದು ನಿಂತುಹೋದರೆ ಚಿಂತೆಯಿಲ್ಲ. ಗುಳ್ಳೆಗಳ ಸಾಲು ನಿಲ್ಲದೆ ಹರಿಯುತ್ತಿದ್ದರೆ ಪಿಕಪ್ ಮತ್ತು ಆ ಹೋಸ್ ನಡುವೆ ಎಲ್ಲೋ ಬಾಯಿ ತೆರೆದಿದೆ. ಡ್ರೈವ್ ಮತ್ತು ಬೆಲ್ ಹೌಸಿಂಗ್ ಮಧ್ಯದ ನೀರಿನ ಸೀಲ್, ಟ್ರಾನ್ಸಮ್ ಫಿಟ್ಟಿಂಗ್, ಸ್ಟ್ರೇನರ್‌ನ (ಕಸ ಹಿಡಿಯುವ ಜರಡಿ ಡಬ್ಬಿ) ಮುಚ್ಚಳ, ಸಡಿಲವಾದ ಕ್ಲಾಂಪ್, ಇವನ್ನು ಒಂದೊಂದಾಗಿ ನೋಡುತ್ತ ಬನ್ನಿ. ನನಗೆ ಹೆಚ್ಚು ಸಿಕ್ಕಿರುವುದು ಸ್ಟ್ರೇನರ್ ಮುಚ್ಚಳದ ಗ್ಯಾಸ್ಕೆಟ್.

ಸ್ಟ್ರೇನರ್ ಹಾಕುವುದಾದರೆ ದೊಡ್ಡದೇ ಹಾಕಿ, ಲೋಹದ ಡಬ್ಬಿಯದ್ದು ಹಾಕಿ. ವೇಗದಲ್ಲಿ ಹೊರಗಿನ ನೀರೇ ತಳ್ಳಿಕೊಂಡು ಬರುವಾಗ ಎಳೆಯುವ ಕಡೆಯೂ ಒತ್ತಡ ಏರುತ್ತದೆ. ತೆಳು ಪ್ಲಾಸ್ಟಿಕ್ ಮುಚ್ಚಳ ಅದನ್ನು ತಡೆಯಲಾರದು, ಒಡೆದರೆ ಬಿಲ್ಜ್ ತುಂಬಲು ಹೆಚ್ಚು ಹೊತ್ತು ಬೇಡ.

ಪಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಪೆಲ್ಲರ್ ತೆಗೆದು ಪ್ರತಿ ರೆಕ್ಕೆಯನ್ನೂ ಬೆರಳಲ್ಲಿ ಬಗ್ಗಿಸಿ ನೋಡಿ. ಸೀಳು ಬಿಡುವುದು ಬುಡದಲ್ಲಿ, ಬಗ್ಗಿಸದೆ ಕಾಣುವುದಿಲ್ಲ. ಎಲ್ಲ ರೆಕ್ಕೆಗಳೂ ಒಂದೇ ಕಡೆ ಬಾಗಿ ಹಾಗೇ ನಿಂತಿದ್ದರೆ ಅದರ ಆಯುಸ್ಸು ಮುಗಿದಿದೆ. ಹೌಸಿಂಗ್ ಒಳಗೆ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಇಂಪೆಲ್ಲರ್ ಹಾಕಿದರೂ ಐಡಲ್‌ನಲ್ಲಿ ಪ್ರೆಶರ್ ಬರುವುದಿಲ್ಲ. ರೆಕ್ಕೆ ಒಡೆದು ಕಾಣೆಯಾಗಿದ್ದರೆ ತುಂಡು ಸಿಗುವವರೆಗೆ ಬಿಡಬೇಡಿ. ಅದು ನೀರಿನ ದಾರಿಯಲ್ಲಿ ಮುಂದೆ ಬರುವ ಕೂಲರ್‌ಗೆ (ಆಯಿಲ್ ತಣಿಸುವ ಭಾಗ) ಹೋಗಿ ಕೂತಿರುತ್ತದೆ. ಕೂಲರ್‌ನ ನೀರು ಬರುವ ಕಡೆಯ ಹೋಸ್ ಬಿಚ್ಚಿ ಟಾರ್ಚ್ ಬಿಡಿ. ಸಣ್ಣ ಸಣ್ಣ ಕೊಳವೆಗಳ ಬಾಯಿಗೆ ಕಪ್ಪು ರಬ್ಬರ್ ಚೂರು ಅಡ್ಡ ಬಿದ್ದಿರುವುದು ಕಣ್ಣಿಗೆ ಹೊಡೆಯುತ್ತದೆ. ಸಿಕ್ಕ ಚೂರುಗಳನ್ನು ಹಳೇ ಇಂಪೆಲ್ಲರ್ ಪಕ್ಕ ಜೋಡಿಸಿ ನೋಡಿದರೆ ಎಲ್ಲ ಬಂತಾ ಇಲ್ಲವಾ ಗೊತ್ತಾಗುತ್ತದೆ.

ವೇಗ ಹೆಚ್ಚಾದರೆ ನೀರೂ ಹೆಚ್ಚು

ನಿಧಾನದ ಬೋಟಿನವನಿಗೆ ಇಲ್ಲಿವರೆಗಿನದ್ದು ಸಾಕು. ನಮ್ಮ ಕಥೆ ಬೇರೆ. ಬೈಕಲ್ಲಿ ಜೋರಾಗಿ ಹೋಗುವಾಗ ಬಾಯಿ ತೆರೆದರೆ ಗಾಳಿ ತಾನೇ ನುಗ್ಗುತ್ತದಲ್ಲ, ಮುಂದಕ್ಕೆ ಮುಖ ಮಾಡಿದ ಪಿಕಪ್‌ಗೂ ಹಾಗೇ. ಈ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಪಿಕಪ್ ಬಾಯಲ್ಲಿ ಹೆಚ್ಚೆಂದರೆ ಸುಮಾರು 14 ಪಿಎಸ್‌ಐ. 100ಕ್ಕೆ ಹೋದರೆ 56. 150ರಲ್ಲಿ 126 ಹತ್ತಿರ. ದಾರಿಯಲ್ಲಿ ತಿರುವು, ಕಿರಿದಾದ ಫಿಟ್ಟಿಂಗ್ ಎಲ್ಲ ತಿಂದು ಬ್ಲಾಕ್‌ಗೆ ಬರುವುದು ಇದರಲ್ಲಿ ಒಂದು ಪಾಲು ಮಾತ್ರ. ಆದರೂ ಮೂಗಿನ ಪಿಕಪ್ ಇರುವ ಬೋಟಿನಲ್ಲಿ, ಪಂಪ್‌ನ ಬಲವೂ ಸೇರಿದಾಗ, ಅದು ಬೇಕಾದ್ದಕ್ಕಿಂತ ತುಂಬ ಜಾಸ್ತಿ.

ನೀರು ಜಾಸ್ತಿಯಾದರೆ ಒಳ್ಳೆಯದೇ ಅಲ್ವಾ ಅಂತ ಕೇಳುತ್ತಾರೆ. ಆಯಿಲ್ ಕೂಲರ್‌ನ ಬೆಸುಗೆ ಬಿಡುತ್ತದೆ. ಇನ್‌ಟೇಕ್ ಗ್ಯಾಸ್ಕೆಟ್‌ನ ನೀರಿನ ತೂತಿನ ಸುತ್ತ ಸೋರಿ ನೀರು ಆಯಿಲ್‌ಗೆ ಸೇರುತ್ತದೆ. ಹೋಸ್ ಕ್ಲಾಂಪ್‌ನಿಂದ ಕಿತ್ತು ಬರುತ್ತದೆ, ಅದೂ ನೀವು ಅತಿ ವೇಗದಲ್ಲಿರುವಾಗಲೇ. ಒತ್ತಡ ಥರ್ಮೋಸ್ಟ್ಯಾಟನ್ನೂ ತಳ್ಳಿ ತೆರೆಸಬಲ್ಲದು. ಆಗ ಎಂಜಿನ್ ಪೂರ್ತಿ ದುಡಿಯುವ ಹೊತ್ತಿಗೆ ತಣ್ಣಗಾಗಿಬಿಡುತ್ತದೆ. ಆಯಿಲ್ ಕಾಯದಿದ್ದರೆ ಅದರಲ್ಲಿ ಸೇರಿದ ತೇವ ಆರುವುದಿಲ್ಲ. ವಾಲ್ವ್ ಕವರ್ ಮುಚ್ಚಳ ತೆಗೆದಾಗ ಒಳಗೆ ಹಾಲಿನ ಕೆನೆಯ ಬಣ್ಣದ ಅಂಟು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಕೂಡಲೇ ಗಾಬರಿಯಾಗಬೇಡಿ. ಮೊದಲು ಆಯಿಲ್ ಎಷ್ಟು ಬಿಸಿಯಾಗುತ್ತಿದೆ ನೋಡಿ. 80 ಡಿಗ್ರಿ ಸೆಲ್ಸಿಯಸ್ ಕೂಡ ಮುಟ್ಟುತ್ತಿಲ್ಲ ಎಂದರೆ ಆಯಿಲ್ ಥರ್ಮೋಸ್ಟ್ಯಾಟ್ ಬೇಕು, ಅಥವಾ ಕೂಲರ್‌ಗೆ ಹೋಗುವ ನೀರು ಕಡಿಮೆಯಾಗಬೇಕು.

ಇದಕ್ಕೆ ಕೆಲವರು ಒಳಬರುವ ಹೋಸ್‌ಗೆ ಬಾಲ್ ವಾಲ್ವ್ ಹಾಕಿ ಅರ್ಧ ಮುಚ್ಚಿಡುತ್ತಾರೆ. ದಯವಿಟ್ಟು ಬೇಡ. ಪೂರ್ತಿ ವೇಗದಲ್ಲಿ ಸರಿಯೆನಿಸುವ ಆ ಅರ್ಧ ಬಾಗಿಲು ಐಡಲ್‌ನಲ್ಲಿ ಎಂಜಿನ್‌ನ ಗಂಟಲು ಹಿಸುಕುತ್ತದೆ. ಪಂಪ್ ಖಾಲಿ ಎಳೆದು ಇಂಪೆಲ್ಲರ್ ತಿನ್ನುತ್ತದೆ. ಒಳಗೆ ಬರುವುದಕ್ಕೆ ಧಾರಾಳ ದಾರಿ ಬಿಡಿ, ಹೆಚ್ಚಾದದ್ದನ್ನು ಹೊರಗೆ ಚೆಲ್ಲಿ. ಅದಕ್ಕೇ ಇರುವುದು ರಿಲೀಫ್ ವಾಲ್ವ್.

ರಿಲೀಫ್ ವಾಲ್ವನ್ನು ಪಂಪ್ ಆದ ಮೇಲೆ, ಕೂಲರ್‌ಗಳಿಗಿಂತ ಮೊದಲು ಟೀ ಹಾಕಿ ಕೂರಿಸಿ. ಹಾಗಿದ್ದರೆ ಬ್ಲಾಕ್ ಜೊತೆ ಕೂಲರ್‌ಗಳಿಗೂ ರಕ್ಷಣೆ. ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಇದ್ದರೆ ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ನೀರೂ ಈ ವಾಲ್ವ್ ಆದ ಮೇಲೆ ಕವಲೊಡೆಯಲಿ. ಅದರ ಕೋರ್ ತಡೆಯುವ ಒತ್ತಡ ಬ್ಲಾಕ್‌ಗಿಂತ ಕಡಿಮೆ ಇರಬಹುದು. ಚೆಲ್ಲುವ ಹೋಸ್ ಸಣ್ಣದಾದರೆ ವಾಲ್ವ್ ತೆರೆದೂ ಪ್ರಯೋಜನವಿಲ್ಲ. ಹೊರಬಾಯಿ ಬೋಟಿನ ಪಕ್ಕದಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಓಡಿಸುವವರಿಗೆ ಕಾಣುವ ಹಾಗಿರಲಿ. ಧಾರೆ ಶುರುವಾಯಿತಾ, ನಿಂತಿತಾ ಕಣ್ಣಿಗೇ ಗೊತ್ತಾಗಬೇಕು. ಈ ನೀರನ್ನು ಎಕ್ಸಾಸ್ಟ್‌ಗೆ ಮಾತ್ರ ತಿರುಗಿಸಬೇಡಿ.

ಸೆಟ್ ಮಾಡುವುದಕ್ಕೆ ಇಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಗೇಜ್ ಓದಿ ಬರೆದುಕೊಳ್ಳಬೇಕು. ಎಂಜಿನ್ ಬಿಸಿಯಾದ ಮೇಲೆ ಶುರು ಮಾಡಿ. ಐಡಲ್, 2,000, 3,000 ಹೀಗೆ ಏರಿಸುತ್ತ ಪ್ರತಿ ಹಂತದಲ್ಲೂ ಮುಳ್ಳು ನಿಲ್ಲುವವರೆಗೆ ಕಾಯಿರಿ. ಸ್ಪ್ರಿಂಗ್ ಮೊದಲು ಸಡಿಲವಾಗಿಯೇ ಇರಲಿ, ಆಮೇಲೆ ಅರ್ಧರ್ಧ ಸುತ್ತು ಬಿಗಿ ಮಾಡುತ್ತ ಬನ್ನಿ. ನಾನು ಬ್ಲಾಕ್‌ನಲ್ಲಿ ಐಡಲ್‌ಗೆ ಎರಡು ಮೂರು ಪಿಎಸ್‌ಐ ಆದರೂ ಸ್ಥಿರವಾಗಿ ಇರಬೇಕು ಅಂತ ನೋಡುತ್ತೇನೆ. ಅರ್ಧ ಥ್ರಾಟಲ್‌ಗೆ ಹತ್ತರ ಆಸುಪಾಸು, ಪೂರ್ತಿ ವೇಗದಲ್ಲಿ 20 ದಾಟದ ಹಾಗೆ. ನಿಮ್ಮ ಎಂಜಿನ್ ಕಟ್ಟಿದವರು ಬೇರೆ ಅಂಕಿ ಕೊಟ್ಟಿದ್ದರೆ ಅವರ ಮಾತೇ ನಡೆಯಲಿ. ಪ್ರೊಪೆಲ್ಲರ್ ಬದಲಿಸಿದರೆ, ಡ್ರೈವ್ ಎತ್ತರ ಬದಲಿಸಿದರೆ ಮತ್ತೆ ಮೊದಲಿನಿಂದ ಓದಬೇಕು.

ಬ್ಲಾಕ್ ಆದ ಮೇಲೆ

ಹೊರಗಿನ ನೀರಲ್ಲೇ ತಣಿಯುವ ಎಂಜಿನ್‌ಗೆ ಸಾಮಾನ್ಯವಾಗಿ 60 ಅಥವಾ 71 ಡಿಗ್ರಿ ಥರ್ಮೋಸ್ಟ್ಯಾಟ್ ಹಾಕುತ್ತಾರೆ, ಫ್ಯಾರನ್‌ಹೀಟ್‌ನಲ್ಲಿ 140 ಮತ್ತು 160. ಉಪ್ಪುನೀರಾದರೆ ತಗ್ಗಿನದ್ದೇ ವಾಸಿ, ಕಾವು ಜಾಸ್ತಿಯಾದಷ್ಟೂ ಉಪ್ಪು ಒಳಗೆ ಗಟ್ಟಿಯಾಗಿ ಕೂರುತ್ತದೆ. ಸರ್ಕ್ಯುಲೇಟಿಂಗ್ ಪಂಪ್ (ಬ್ಲಾಕ್ ಒಳಗೆ ನೀರು ತಿರುಗಿಸುವ ಪಂಪ್) ತೆಗೆದು ಕ್ರಾಸ್‌ಓವರ್ (ಬರೀ ನೀರಿನ ದಾರಿ) ಹಾಕಿದ ಎಂಜಿನ್‌ಗಳಲ್ಲಿ ಬ್ಲಾಕ್ ಒಳಗಿನ ಹರಿವೆಲ್ಲ ಸೀ ಪಂಪ್‌ನದ್ದೇ, ಅಂದರೆ ಹೊರಗಿನ ನೀರು ಎಳೆಯುವ ಪಂಪ್‌ನದ್ದೇ. ಅಲ್ಲಿ ಥರ್ಮೋಸ್ಟ್ಯಾಟ್ ಮುಚ್ಚಿರುವಾಗಲೂ ಗಾಳಿ, ಹಬೆ ಹೊರಬೀಳಲು ಸಣ್ಣ ದಾರಿ ಇರಲೇಬೇಕು. ಇಲ್ಲದಿದ್ದರೆ ಹೆಡ್‌ನ ಮೇಲ್ಭಾಗದಲ್ಲಿ ಹಬೆ ಸಿಕ್ಕಿಕೊಂಡು ಅಷ್ಟು ಜಾಗ ಒಣಗೇ ಉಳಿಯುತ್ತದೆ.

ಎಕ್ಸಾಸ್ಟ್‌ಗೆ ಎರಡೂ ಕಡೆ ಸಮನಾಗಿ ನೀರು ಹೋಗುತ್ತಿದೆಯಾ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಎಡ ರೈಸರ್ (ಮ್ಯಾನಿಫೋಲ್ಡ್ ಆದ ಮೇಲೆ ಬರುವ ಎಕ್ಸಾಸ್ಟ್ ಕೊಳವೆ) 50 ಡಿಗ್ರಿ, ಬಲ 80 ಅಂತ ಬಂದರೆ ಬಲಗಡೆ ದಾರಿ ಕಟ್ಟಿದೆ. ತುಕ್ಕು ಹೆಚ್ಚಾಗಿ ಕೂರುವುದು ಮ್ಯಾನಿಫೋಲ್ಡ್ ಮತ್ತು ರೈಸರ್ ಸೇರುವ ಕಡೆ. ಎಕ್ಸಾಸ್ಟ್‌ನ ರಬ್ಬರ್ ಹೋಸ್ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಮುಂದೆ ಓಡಿಸಬೇಡಿ. ಅದು ಸುಡುವುದಕ್ಕೆ ಶುರುವಾಗಿದೆ. ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಶಾಫ್ಟ್) ಇರುವ ಎಂಜಿನ್‌ನಲ್ಲಿ ಇದಕ್ಕೆ ವಿರುದ್ಧದ ತೊಂದರೆ. ಐಡಲ್‌ನಲ್ಲಿ ಎಕ್ಸಾಸ್ಟ್ ಹಿಂದಕ್ಕೆ ಉಸಿರಾಡುತ್ತದೆ, ನೀರಿನ ಹನಿಯನ್ನು ಸಿಲಿಂಡರ್‌ಗೇ ಎಳೆದುಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದಾಗ ತುಕ್ಕಿನ ಚುಕ್ಕೆ ಕಂಡರೆ ಅನುಮಾನಪಡಿ. ಅಂಥ ಎಂಜಿನ್‌ಗೆ ಎಕ್ಸಾಸ್ಟ್‌ಗೆ ಬೀಳುವ ನೀರನ್ನು ರಿಸ್ಟ್ರಿಕ್ಟರ್ ಹಾಕಿ ಕಡಿಮೆ ಮಾಡಿ, ಉಳಿದದ್ದನ್ನು ಬೇರೆ ಕಡೆಯಿಂದ ಹೊರಗೆ ಬಿಡಿ.

ಎರಡು ಮುಳ್ಳು ಒಟ್ಟಿಗೆ

ಪ್ರೆಶರ್ ಇಳಿಯಿತು, ಕಾವು ಏರಿತು. ನೀರು ಬರುತ್ತಿಲ್ಲ. ಪಿಕಪ್, ಹೋಸ್, ಪಂಪ್ ಕಡೆ ಹೋಗಿ.

ಪ್ರೆಶರ್ ಏರಿತು, ಕಾವೂ ಏರಿತು. ನೀರು ಬರುತ್ತಿದೆ, ಮುಂದೆ ಹೋಗುತ್ತಿಲ್ಲ. ಥರ್ಮೋಸ್ಟ್ಯಾಟ್, ರೈಸರ್ ನೋಡಿ. ಗೇಜ್ ಕೂಲರ್‌ಗಿಂತ ಮುಂಚೆ ಇದ್ದರೆ ಕೂಲರ್ ಕೂಡ. ಇಲ್ಲಿ ಹೊಸ ಇಂಪೆಲ್ಲರ್ ಹಾಕಿದರೆ ಕೆಲಸ ಕೆಡುತ್ತದೆ, ಒತ್ತಡ ಇನ್ನೂ ಏರುತ್ತದೆ.

ಐಡಲ್‌ನಲ್ಲಿ ಮಾತ್ರ ಬಿಸಿ, ವೇಗ ಕೊಟ್ಟರೆ ಸರಿಹೋಗುತ್ತದೆ. ಪಂಪ್ ಸವೆದಿದೆ ಅಥವಾ ಗಾಳಿ ಎಳೆಯುತ್ತಿದೆ. ವೇಗದಲ್ಲಿ ಹೊರಗಿನ ನೀರು ತಳ್ಳಿಕೊಂಡು ಬಂದು ಅದರ ಹುಳುಕು ಮುಚ್ಚುತ್ತದೆ. ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ಉಳಿದಿದ್ದರೂ ಹೀಗೇ ಆಗುತ್ತದೆ. ಐಡಲ್‌ನಲ್ಲೂ ಪಕ್ಕದಿಂದ ಧಾರೆ ಬೀಳುತ್ತಿದೆಯಾ ಅಂತ ಬಗ್ಗಿ ನೋಡಿ.

ಪ್ರೆಶರ್ ಮುಳ್ಳು ನಡುಗುತ್ತಿದ್ದರೆ ನೀರಿನ ಜೊತೆ ಗಾಳಿ ಇದೆ. ಮತ್ತೆ ಎಳೆಯುವ ಕಡೆಗೇ ಬನ್ನಿ.

ದಡದಲ್ಲಿ ನಲ್ಲಿ ನೀರು ಕೊಟ್ಟು ತೊಳೆಯುವಾಗ ಈ ಅಂಕಿಗಳನ್ನು ನಂಬಬೇಡಿ, ಅಲ್ಲಿ ವೇಗದ ಒತ್ತಡ ಇರುವುದಿಲ್ಲ. ಮೂಗಿನ ಪಿಕಪ್ ಇದ್ದರೆ ಮಾಮೂಲಿ ಕಿವಿಮುಚ್ಚಿನಂಥ ಮಫ್ಸ್ (ಪಿಕಪ್ ಮೇಲೆ ಕೂರಿಸಿ ನಲ್ಲಿ ನೀರು ಕೊಡುವ ಕಪ್‌ಗಳು) ಸರಿಯಾಗಿ ಕೂರುವುದಿಲ್ಲ, ಅದಕ್ಕೆ ತಕ್ಕ ಅಡಾಪ್ಟರ್ ತರಿಸಿ. ಮೊದಲು ನಲ್ಲಿ ಬಿಡಿ, ನೀರು ಡ್ರೈವ್‌ನಿಂದ ಹೊರಗೆ ಬರುವುದನ್ನು ನೋಡಿ, ಆಮೇಲೆ ಎಂಜಿನ್ ಶುರು ಮಾಡಿ. ಎಂಜಿನ್ ಹತ್ತಿಕೊಳ್ಳದಿದ್ದರೆ ಸ್ಟಾರ್ಟರನ್ನು ಒಂದೇ ಸಮನೆ ಒತ್ತುತ್ತಾ ಇರಬೇಡಿ. ಪಂಪ್ ತಿರುಗುತ್ತಲೇ ಇರುತ್ತದೆ, ನೀರು ಎಕ್ಸಾಸ್ಟ್‌ನಲ್ಲಿ ನಿಂತು ಸಿಲಿಂಡರ್‌ಗೆ ಇಳಿಯಬಹುದು. ಐಡಲ್‌ಗಿಂತ ಹೆಚ್ಚು ಎತ್ತಬೇಡಿ, ಪಂಪ್ ನಲ್ಲಿಗಿಂತ ಜೋರಾಗಿ ಎಳೆದು ಹೋಸನ್ನು ಚಪ್ಪಟೆ ಮಾಡುತ್ತದೆ. ಮುಗಿದ ಮೇಲೆ ಎಂಜಿನ್ ಮೊದಲು ಆರಿಸಿ, ನಲ್ಲಿ ಆಮೇಲೆ ನಿಲ್ಲಿಸಿ.